ಪರದೆ ಹಿಂದೆ ಕೂತು ಕಲ್ಲು ಓದಿದ ಹೆಣ್ಣುಮಗಳು

ಬಿ.ಎಸ್ಸಿ. ಫಲಿತಾಂಶ ಬಂತು ಅಂದರೆ ನಮ್ಮ ದುರ್ಗದ ಮನೆಗಳಲ್ಲಿ ಪಂಚಾಯ್ತಿ ಶುರು. ಮುಂದೆ ಏನು ಓದಿಸೋದು? ಮಗ ಭೂಗರ್ಭಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡ್ತೀನಿ ಅಂದರೆ, ಯಾವುದೋ ಗಣಿಯಲ್ಲಿ ಕೆಲಸ ಸಿಕ್ಕೇ ಸಿಗುತ್ತೆ ಅಂತ ಅಪ್ಪನಿಗೆ ಧೈರ್ಯ. ಅದೇ ಮಾತು ಮಗಳ ಬಾಯಲ್ಲಿ ಬಂದರೆ ಮನೆಯೆಲ್ಲ ಗಪ್‌ಚಿಪ್. ಹೆಣ್ಣುಹುಡುಗಿ ಸುತ್ತಿಗೆ ಹಿಡಿದು ಗುಡ್ಡ ಹತ್ತೋದುಂಟೇ? ಹುಡುಗರ ಜತೆ ಕ್ಯಾಂಪಿಗೆ ಹೋಗೋದುಂಟೇ?

ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಎಂ.ಎಸ್ಸಿ. ಬಗ್ಗೆ ಬುದ್ಧಿ ಹೇಳುವ ಯೋಗ್ಯತೆ ಇಲ್ಲ. ಆದರೆ ಒಬ್ಬ ಹೆಣ್ಣುಮಗಳ ಕಥೆ ಗೊತ್ತು. ಅದನ್ನು ಕೇಳಿಸಿಕೊಂಡು ಆಮೇಲೆ ಪಂಚಾಯ್ತಿ ಮುಂದುವರಿಸಿ.

ಆಕೆಯ ಹೆಸರು ಫ್ಲಾರೆನ್ಸ್ ಬ್ಯಾಸ್ಕಮ್. ಹುಟ್ಟಿದ್ದು 1862ರಲ್ಲಿ, ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ವಿಲಿಯಮ್ಸ್‌ಟೌನ್‌ನಲ್ಲಿ. ಅಪ್ಪ ಜಾನ್ ಬ್ಯಾಸ್ಕಮ್ 1874ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿ ಹೋದವನು. ಹೆಣ್ಣುಮಕ್ಕಳು ಗಂಡುಮಕ್ಕಳ ಸಮಕ್ಕೆ ಓದಬೇಕು ಅನ್ನುವ ಪೈಕಿ. ತಾಯಿ ಹೆಂಗಸರಿಗೆ ಓಟಿನ ಹಕ್ಕು ಬೇಕೆಂದು ದುಡಿದವಳು. ಇಂಥ ಮನೆಯ ಹುಡುಗಿ ಅದೇ ವಿಸ್ಕಾನ್ಸಿನ್‌ನಲ್ಲಿ ಎರಡು ಮೂರು ಪದವಿ ಮುಗಿಸಿ, 1887ರಲ್ಲಿ ಭೂಗರ್ಭಶಾಸ್ತ್ರದ ಮಾಸ್ಟರ್ಸ್ ಪದವಿಯನ್ನೂ ಪಡೆದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಇವತ್ತು ಈಕೆಯ ಬಗ್ಗೆ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆಕೆಗೆ ಡಾಕ್ಟರೇಟ್ ಬೇಕಿತ್ತು. ಕಲ್ಲಿನ ವಿಷಯದಲ್ಲಿ ಆಗ ದೊಡ್ಡ ಮೇಷ್ಟ್ರು ಅಂದರೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾರ್ಜ್ ಹಂಟಿಂಗ್ಟನ್ ವಿಲಿಯಮ್ಸ್. ಆದರೆ ಆ ವಿಶ್ವವಿದ್ಯಾಲಯ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅರ್ಜಿ, ಶಿಫಾರಸು, ಆಡಳಿತ ಮಂಡಳಿಯ ಚರ್ಚೆ ಎಲ್ಲ ಆಗಿ, ಕೊನೆಗೆ ವಿಶೇಷ ಪ್ರಕರಣವೆಂದು ಒಳಗೆ ಬಿಟ್ಟರು. ಬಿಟ್ಟ ರೀತಿ ಕೇಳಿ. ತರಗತಿಯ ಮೂಲೆಯಲ್ಲಿ ಆಕೆಗೊಂದು ಕುರ್ಚಿ, ಕುರ್ಚಿಗೆ ಅಡ್ಡವಾಗಿ ಒಂದು ಪರದೆ! ಹುಡುಗರ ಗಮನ ಅತ್ತಿತ್ತ ಹರಿಯಬಾರದಂತೆ. ಗಮನ ಹರಿಯುವುದು ಹುಡುಗರದ್ದು, ಪರದೆ ಮಾತ್ರ ಹುಡುಗಿಗೆ. ಈ ನ್ಯಾಯ ನಮಗೇನೂ ಹೊಸದಲ್ಲ ಬಿಡಿ.

ಜಗಳ ಆಡಿಕೊಂಡು ಕೂತಿದ್ದರೆ ಪರದೆಯೂ ಇರುತ್ತಿರಲಿಲ್ಲ, ಪಾಠವೂ ಇರುತ್ತಿರಲಿಲ್ಲ. ಆಕೆ ಪರದೆ ಹಿಂದೆಯೇ ಕೂತು ಪಾಠ ಕೇಳಿದಳು. ಹೊರಗೆ ಹೋಗಿ ಕಲ್ಲು ಒಡೆದು ತಂದಳು. ಕಲ್ಲನ್ನು ಸೀಳಿ, ಉಜ್ಜಿ ಉಜ್ಜಿ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳ್ಳಗೆ ಮಾಡಿದರೆ ಅದರೊಳಗೆ ಬೆಳಕು ಹಾಯುತ್ತೆ. ಆಗ ಸೂಕ್ಷ್ಮದರ್ಶಕದ ಕೆಳಗಿಟ್ಟು ಒಳಗಿನ ಹರಳುಗಳನ್ನು ಗುರುತು ಹಿಡಿಯಬಹುದು. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆಯ ಸೌತ್ ಮೌಂಟನ್ ಬೆಟ್ಟದ ಕೆಲವು ಕಲ್ಲುಗಳು ನೀರಿನಡಿ ಕೆಸರು ಕೂತು ಗಟ್ಟಿಯಾದವು ಎಂದು ಅಲ್ಲಿಯವರೆಗೆ ನಂಬಿದ್ದರು. ಅಲ್ಲ, ಅವು ಬೆಂಕಿಬೆಟ್ಟದಿಂದ ಹರಿದ ಲಾವಾ, ಕಾಲಾಂತರದಲ್ಲಿ ರೂಪ ಬದಲಾಗಿದೆ ಎಂದು ಆಕೆ ಆಧಾರ ಸಮೇತ ತೋರಿಸಿಕೊಟ್ಟಳು. 1893ರಲ್ಲಿ ಪಿಎಚ್.ಡಿ. ಕೈಗೆ ಬಂತು. ಆ ವಿಶ್ವವಿದ್ಯಾಲಯ ಹೆಣ್ಣಿಗೆ ಕೊಟ್ಟ ಮೊದಲ ಪಿಎಚ್.ಡಿ. ಅದು.

ಲಾವಾ ಅಂದರೆ ಯಾವುದೋ ದೂರದ ಮಾತು ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟ ಹಾಗೆ ಕಲ್ಲುಗಳಿವೆಯಲ್ಲ, ಅವೂ ಲಾವಾನೇ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನೊಳಗೆ ಉಕ್ಕಿ ಹೆಪ್ಪುಗಟ್ಟಿದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಗೌರವ ಅದಕ್ಕಿದೆ. ಓದಬಲ್ಲ ಕಣ್ಣು ಇಲ್ಲದಿದ್ದರೆ ಅದು ಬರೀ ಕಲ್ಲು, ಅಷ್ಟೇ.

ಇರಲಿ, ಕಥೆಗೆ ಬರೋಣ. 1895ರಲ್ಲಿ ಬ್ಯಾಸ್ಕಮ್ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಮಹಿಳಾ ಕಾಲೇಜಿಗೆ ಮೇಡಂ ಆಗಿ ಹೋದಳು. ಅಲ್ಲಿ ಭೂಗರ್ಭಶಾಸ್ತ್ರಕ್ಕೆ ಸಿಕ್ಕಿದ್ದು ಸಾಮಾನು ತುಂಬುವ ಕೋಣೆಯಂಥ ಜಾಗ. ಅಲ್ಲೇ ಕಲ್ಲು, ನಕ್ಷೆ, ಪುಸ್ತಕ ಕೂಡಿಸಿ ಪೂರಾ ಒಂದು ವಿಭಾಗ ಕಟ್ಟಿದಳು. ಮರುವರ್ಷ, 1896ರಲ್ಲಿ, ಅಮೆರಿಕದ ಸರ್ಕಾರಿ ಭೂವೈಜ್ಞಾನಿಕ ಸರ್ವೆ ಇಲಾಖೆ ಆಕೆಯನ್ನು ಕೆಲಸಕ್ಕೆ ತಗೊಂಡಿತು. ಆ ಇಲಾಖೆಯ ಮೊದಲ ಮಹಿಳಾ ಭೂವಿಜ್ಞಾನಿ. ಬೇಸಿಗೆಯಲ್ಲಿ ಬೆಟ್ಟ ಸುತ್ತಿ ನಕ್ಷೆ, ಮಿಕ್ಕ ಕಾಲ ಪಾಠ. 1906ರಲ್ಲಿ ಅಮೆರಿಕದ ವಿಜ್ಞಾನಿಗಳ ಪರಿಚಯಕೋಶವೊಂದು ಹೊರಬಂತು. ಅದರ ಹೆಸರೇ ಅಮೆರಿಕದ ವಿಜ್ಞಾನ ಪುರುಷರು ಅಂತ. ಅದರಲ್ಲಿ ಶ್ರೇಷ್ಠರಿಗೆ ಹಾಕುವ ನಕ್ಷತ್ರದ ಗುರುತು ಈ ಹೆಂಗಸಿನ ಹೆಸರಿನ ಮುಂದೆಯೂ ಬಿತ್ತು!

ಆದರೆ ಆಕೆಯ ನಿಜವಾದ ಸಂಪಾದನೆ ಶಿಷ್ಯೆಯರು. ಆ ಕಾಲದ ಅಮೆರಿಕದ ಮಹಿಳಾ ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಬ್ರಿನ್ ಮಾರ್‌ನಲ್ಲಿ ತಯಾರಾದವರು. ಅವರಲ್ಲಿ ಜೂಲಿಯಾ ಗಾರ್ಡ್ನರ್ ಒಬ್ಬಳು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಕಾಗದದ ಬಲೂನಿಗೆ ಬಾಂಬು ಕಟ್ಟಿ ಅಮೆರಿಕದ ಕಡೆ ಹಾರಿಬಿಡುತ್ತಿತ್ತು. ತೂಕಕ್ಕೆಂದು ಕಟ್ಟಿದ ಚೀಲದ ಮರಳನ್ನು ಪರೀಕ್ಷಿಸಿ, ಇದು ಜಪಾನಿನ ಇಂಥ ಕಡಲತೀರದ್ದು ಎಂದು ಪತ್ತೆ ಹಚ್ಚಿದ ತಂಡದಲ್ಲಿ ಈ ಗಾರ್ಡ್ನರ್ ಇದ್ದಳು. ಆಕೆ ಪಿಎಚ್.ಡಿ. ಪಡೆದದ್ದು ಎಲ್ಲಿ ಗೊತ್ತೇ? ಅದೇ ಜಾನ್ಸ್ ಹಾಪ್ಕಿನ್ಸ್‌ನಲ್ಲಿ, 1911ರಲ್ಲಿ. ಅಷ್ಟು ಹೊತ್ತಿಗೆ ಆ ವಿಶ್ವವಿದ್ಯಾಲಯ ಸ್ನಾತಕೋತ್ತರ ಓದಿಗೆ ಹೆಂಗಸರಿಗೂ ಬಾಗಿಲು ತೆರೆದು ನಾಲ್ಕು ವರ್ಷ ಆಗಿತ್ತು. ಗುರು ಮೂಲೆಯಲ್ಲಿ ಕೂತು ಕಲಿತ ಕಡೆ ಶಿಷ್ಯೆ ಮುಂಬಾಗಿಲಿನಿಂದಲೇ ಹೋದಳು.

ಬ್ಯಾಸ್ಕಮ್ 1928ರಲ್ಲಿ ಕಾಲೇಜಿನಿಂದ ನಿವೃತ್ತಳಾದಳು. ಸರ್ವೆ ಕೆಲಸ ಆಮೇಲೂ ಕೆಲವು ವರ್ಷ ನಡೆಯಿತು. ಮದುವೆಯಾಗಲಿಲ್ಲ. 1945ರಲ್ಲಿ ತೀರಿಕೊಂಡಳು.

ಇವತ್ತು ಧಾರವಾಡ, ಮೈಸೂರು, ಬೆಂಗಳೂರು ಎಲ್ಲಿ ಹೋದರೂ ಭೂಗರ್ಭಶಾಸ್ತ್ರದ ಎಂ.ಎಸ್ಸಿ. ತರಗತಿಯಲ್ಲಿ ಪರದೆ ಇಲ್ಲ. ಉಳಿದಿರುವ ಪರದೆ ನಮ್ಮ ಮನೆಯ ಪಡಸಾಲೆಯಲ್ಲಿದೆ. ಅದನ್ನು ಎಳೆಯಲು ಯಾವ ಆಡಳಿತ ಮಂಡಳಿಯ ಅಪ್ಪಣೆಯೂ ಬೇಕಿಲ್ಲ. ಅಪ್ಪಂದಿರು ಎದ್ದು ಎಳೆದರೆ ಸಾಕು.