ಅಕ್ಕಲಕೋಟೆಯ ಫತ್ತೇಸಿಂಹ ಭೋಸಲೆ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯು ಮರಾಠಿ, ಕನ್ನಡಗಳೆರಡೂ ಬಳಕೆಯಲ್ಲಿರುವ ಗಡಿನಾಡು. ಅದನ್ನಾಳಿದ ಭೋಸಲೆ ಮನೆತನದ ಮೂಲಪುರುಷನಾದ ಫತ್ತೇಸಿಂಹನು ಹುಟ್ಟಿನಿಂದ ಭೋಸಲೆಯಲ್ಲ. ಪಾರದ ಎಂಬ ಊರಿನ ಪಾಟೀಲ ಸಯಾಜಿ ಲೋಖಂಡೆಯ ಮಗನಾದ ಅವನ ಮೊದಲ ಹೆಸರು ರಾಣೋಜಿ.

1707ರಲ್ಲಿ ಔರಂಗಜೇಬನು ತೀರಿಕೊಂಡ ಬಳಿಕ, ಶಿವಾಜಿಯ ಮೊಮ್ಮಗ ಶಾಹು ಮೊಗಲರ ಸೆರೆಯಿಂದ ಬಿಡುಗಡೆ ಹೊಂದಿ ಸ್ವರಾಜ್ಯದತ್ತ ಹೊರಟನು. ದಾರಿಯಲ್ಲಿ ಅವನನ್ನು ಎದುರಿಸಿದ ಸಯಾಜಿ ಕಾಳಗದಲ್ಲಿ ಮಡಿದನು. ಸಯಾಜಿಯ ಪತ್ನಿ ಎಳೆಯ ಮಗನನ್ನು ಶಾಹುವಿನ ಮುಂದಿಟ್ಟು ಅಭಯ ಬೇಡಿದಳು. ಶಾಹು ಆ ಮಗುವನ್ನು ಮಗನಂತೆ ಸ್ವೀಕರಿಸಿ, ಗೆಲುವಿನ ಕುರುಹಾಗಿ ಫತ್ತೇಸಿಂಹನೆಂದು ಹೆಸರಿಟ್ಟನು. ಹೀಗೆ ತಂದೆಯ ಸೋಲೇ ಮಗನ ಹೆಸರಾಯಿತು. ರಾಜಪರಿವಾರದ ವೀರೂಬಾಯಿ ಅವನನ್ನು ಸಾಕಿದಳು; ಅಕ್ಕಲಕೋಟೆ ಅವನಿಗೆ ಜಹಗೀರಾಗಿ ದೊರೆಯಿತು.

ಬೆಳೆದ ಫತ್ತೇಸಿಂಹನು ಸೇನಾನಾಯಕನಾದನು. 1725ರಿಂದ 1727ರವರೆಗೆ ನಡೆದ ಕರ್ನಾಟಕದ ದಂಡಯಾತ್ರೆಗಳಲ್ಲಿ ಪೇಶ್ವೆ ಬಾಜೀರಾಯನೊಡನೆ ಚಿತ್ರದುರ್ಗ, ಶ್ರೀರಂಗಪಟ್ಟಣಗಳವರೆಗೂ ಸಾಗಿದನು. 1740ರಲ್ಲಿ ಅವನೂ ನಾಗಪುರದ ರಘೂಜಿ ಭೋಸಲೆಯೂ ನಡೆಸಿದ ದಂಡು ಆರ್ಕಾಟಿನ ನವಾಬ ದೋಸ್ತ್ ಅಲಿಯನ್ನು ಸೋಲಿಸಿ ಕೊಂದಿತು; ಮರುವರ್ಷ ತಿರುಚಿನಾಪಳ್ಳಿಯೂ ವಶವಾಯಿತು.

1749ರಲ್ಲಿ ಶಾಹು ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಸಾತಾರೆಯ ಗಾದಿ ರಾಮರಾಜನಿಗೆ ಸಂದಿತು. ಮಗನೆನಿಸಿ ಬೆಳೆದ ಫತ್ತೇಸಿಂಹನಿಗೆ ಅಕ್ಕಲಕೋಟೆಯೇ ಉಳಿಯಿತು. 1760ರಲ್ಲಿ ಅವನು ಗತಿಸಿದ ಮೇಲೆ ದತ್ತುಪುತ್ರ ಶಹಾಜಿ ಪಟ್ಟಕ್ಕೆ ಬಂದನು. ಸಾಕುಮಗನಿಂದ ಮೊದಲಾಗಿ ದತ್ತುಮಗನಿಂದ ಮುಂದುವರಿದ ಈ ವಂಶವು, 1848ರಲ್ಲಿ ಸಾತಾರೆಯ ರಾಜ್ಯ ಬ್ರಿಟಿಷರ ಪಾಲಾದ ಮೇಲೂ ಬಾಳಿ, 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅಕ್ಕಲಕೋಟೆಯನ್ನಾಳಿತು.