ಮಂಗಳೂರಿನ ಅಳಿಯ ಹರೀಂದ್ರನಾಥ ಚಟ್ಟೋಪಾಧ್ಯಾಯ

ಹೈದರಾಬಾದ್: ನಾಂಪಲ್ಲಿ ಸ್ಟೇಷನ್ ರಸ್ತೆಯ ‘ಗೋಲ್ಡನ್ ಥ್ರೆಶೋಲ್ಡ್’ ಮನೆ ಎಂದರೆ ಸರೋಜಿನಿ ನಾಯ್ಡು ನೆನಪಾಗುತ್ತಾರೆ. ಅವರ ಕಿರಿಯ ಸಹೋದರ ಹರೀಂದ್ರನಾಥರು ನೆನಪಾಗುವುದು ಕಡಿಮೆ. 1898ರ ಏಪ್ರಿಲ್ 2ರಂದು ಇದೇ ನಗರದಲ್ಲಿ ಜನಿಸಿದವರು. ಗಡೀಪಾರು ಈ ಕುಟುಂಬಕ್ಕೆ ಹೊಸದಲ್ಲ. ನಿಜಾಮ ಸರ್ಕಾರ ತಂದೆ ಅಘೋರನಾಥರನ್ನು ಹಿಂದೊಮ್ಮೆ ಹೊರಹಾಕಿತ್ತು. ಅಣ್ಣ ವೀರೇಂದ್ರನಾಥರು ತಾಯ್ನಾಡಿಗೆ ಮರಳಲಾಗದೆ ರಷ್ಯಾದಲ್ಲೇ ಮಡಿದರು.

ಹರೀಂದ್ರರ ಮೊದಲ ಇಂಗ್ಲಿಷ್ ಕವನ ಸಂಕಲನ ಬಂದದ್ದು 1918ರಲ್ಲಿ. ಮಂಗಳೂರಿನ ಬಾಲವಿಧವೆ ಕಮಲಾದೇವಿಯವರನ್ನು ಸಂಪ್ರದಾಯಸ್ಥರ ವಿರೋಧದ ನಡುವೆಯೇ ಕೈಹಿಡಿದರು. ಇಬ್ಬರನ್ನೂ ಕೂಡಿಸಿದ್ದು ನಾಟಕ. ಆದರೂ ಸಂಸಾರ ನಿಲ್ಲಲಿಲ್ಲ, ವಿಚ್ಛೇದನವಾಯಿತು. ಆ ಕಾಲದಲ್ಲಿ ಹೆಣ್ಣೊಬ್ಬಳಿಗೆ ಅದು ಸಣ್ಣ ಮಾತಲ್ಲ.

1952ರಲ್ಲಿ ವಿಜಯವಾಡದಿಂದ ಲೋಕಸಭೆಗೆ ಆಯ್ಕೆಯಾದರು. ಅಶೋಕ್ ಕುಮಾರ್ ಹಾಡಿದ ‘ಆಶೀರ್ವಾದ್’ ಚಿತ್ರದ ರೈಲುಗಾಡಿ ಹಾಡು ಇವರದೇ ರಚನೆ. ‘ಬಾವರ್ಚಿ’ಯ ಮುಂಗೋಪಿ ಅಜ್ಜನೂ ಇವರೇ! 1973ರಲ್ಲಿ ಪದ್ಮಭೂಷಣ ಬಂತು. 1990ರ ಜೂನ್ 23ರಂದು ಮುಂಬೈಯಲ್ಲಿ ನಿಧನರಾದರು.