ಮಹಾಪೆಯ ಮಳೆ ಮತ್ತು ವಿಲ್ಲಿಸ್ ಕ್ಯಾರಿಯರ್

ಜುಲೈ ತಿಂಗಳಲ್ಲಿ ಮಹಾಪೆಗೆ ಬಂದವರಿಗೆ ಮೊದಲು ಕಾಣುವುದು ಪಾರ್ಸಿಕ್ ಗುಡ್ಡದ ಹಸಿರು. ಆಮೇಲೆ ಅನುಭವಕ್ಕೆ ಬರುವುದು ಮೈಗಂಟುವ ಬೆವರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಥಾಣೆ ಕ್ರೀಕ್, ನಡುವೆ ಥಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಎಂಐಡಿಸಿಯ ಕಾರ್ಖಾನೆಗಳು, ಐಟಿ ಪಾರ್ಕುಗಳು. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ ಈ ಕಡೆ ಬಂದ ನನ್ನ ಕೆಲಸ ಹೆಚ್ಚಾಗಿ ಇಲ್ಲಿನ ತಾರಸಿಗಳ ಮೇಲೆ. ಕಟ್ಟಡಕ್ಕೆ ತಕ್ಕ ಏರ್ ಕಂಡೀಷನಿಂಗ್ ಯಂತ್ರ ಆರಿಸುವುದು, ಕೂರಿಸುವುದು, ಅದು ಸರಿಯಾಗಿ ಓಡುವಂತೆ ನೋಡಿಕೊಳ್ಳುವುದು ನನ್ನ ಅನ್ನದ ದಾರಿ.

ಸ್ವಲ್ಪ ಸಮಯದ ಹಿಂದೆ ಒಂದು ಕಟ್ಟಡದ ಮಾಲೀಕರ ಜೊತೆ ನನಗೆ ತಕರಾರಾಯಿತು. ಕೆಳಗೆ ಔಷಧದ ರಟ್ಟಿನ ಪೆಟ್ಟಿಗೆಗಳನ್ನು ಮುದ್ರಿಸುವ ಹಾಲ್, ಮೇಲೆ ಕಚೇರಿ. ತಾರಸಿಯ ಮೇಲೆ ರೂಫ್‌ಟಾಪ್ ಪ್ಯಾಕೇಜ್ ಯುನಿಟ್ ಇಡುವುದೆಂದು ತೀರ್ಮಾನವಾಗಿತ್ತು. ಕಂಪ್ರೆಸರ್, ಕಂಡೆನ್ಸರ್, ತಂಪು ಮಾಡುವ ಕಾಯಿಲ್, ಬ್ಲೋವರ್, ಫಿಲ್ಟರ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ ಇದು. ಕ್ರೇನಿನಿಂದ ಎತ್ತಿ ತಾರಸಿಯ ಮೇಲಿಟ್ಟು, ಡಕ್ಟ್ ಜೋಡಿಸಿ, ಕರೆಂಟ್ ಕೊಟ್ಟರೆ ಕೆಲಸ ಶುರು. ಒಳಗಡೆ ಜಾಗ ತಿನ್ನುವುದಿಲ್ಲ, ರಿಪೇರಿಯವರು ಕಚೇರಿಯೊಳಗೆ ಕಾಲಿಡಬೇಕಿಲ್ಲ. ನನ್ನ ಲೆಕ್ಕದಲ್ಲಿ 25 ಟನ್ ಸಾಕಿತ್ತು. ಮಾಲೀಕರಿಗೆ 40 ಟನ್ ಬೇಕಿತ್ತು. ಮೇ ತಿಂಗಳ ಸೆಕೆಗೆ ಕಡಿಮೆ ಬೀಳಬಾರದು, ದೊಡ್ಡದಿದ್ದರೆ ನಷ್ಟವೇನು ಎಂಬುದು ಅವರ ವಾದ.

ನಷ್ಟವೇನೆಂದು ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇನ್ನೊಂದು ಕಟ್ಟಡದಲ್ಲಿ ಇಂಥದೇ ಒತ್ತಾಯಕ್ಕೆ ತಲೆಯಾಡಿಸಿ ದೊಡ್ಡ ಯಂತ್ರ ಕೂರಿಸಿದ್ದೆ. ಬೇಸಿಗೆ ಚೆನ್ನಾಗಿಯೇ ಕಳೆಯಿತು. ಮಳೆಗಾಲ ಬಂದಾಗ ಒಳಗೆ ಚಳಿ, ಆದರೆ ಎಲ್ಲವೂ ಒದ್ದೆ ಒದ್ದೆ. ಕಾಗದ ಸುರುಳಿ ಸುತ್ತಿಕೊಂಡಿತು, ಸೀಲಿಂಗ್ ಹಲಗೆಗಳ ಮೇಲೆ ಬೂಷ್ಟು ಬಂತು. ತಪ್ಪು ನನ್ನ ತಲೆಗೆ ಬಂತು, ಬರಬೇಕಾದದ್ದೂ ಹಾಗೆಯೇ. ಅದೇ ಪಾಠವನ್ನು ಈ ಮಾಲೀಕರಿಗೆ ಹೇಗೆ ತಿಳಿಸುವುದೆಂದು ಯೋಚಿಸುತ್ತಿದ್ದಾಗ ನೆನಪಾದವರು ವಿಲ್ಲಿಸ್ ಕ್ಯಾರಿಯರ್. ಅವರ ಹೆಸರನ್ನು ಪೆಟ್ಟಿಗೆಗಳ ಮೇಲೆ ದಿನವೂ ನೋಡುವ ನಾವು ಅದರ ಹಿಂದಿನ ಮನುಷ್ಯನನ್ನು ಮರೆತೇ ಬಿಟ್ಟಿದ್ದೇವೆ. ಆಧುನಿಕ ಏರ್ ಕಂಡೀಷನಿಂಗ್ ಹುಟ್ಟಿದ್ದೂ ಒಂದು ಮುದ್ರಣಾಲಯದ ತೊಂದರೆಯಿಂದಲೇ.

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ಹತ್ತಿರದ ಹೊಲಮನೆಯಲ್ಲಿ. ಒಬ್ಬನೇ ಮಗ. ತಾಯಿಗೆ ಯಂತ್ರಗಳೆಂದರೆ ಇಷ್ಟ, ಮನೆಯ ಗಡಿಯಾರ, ಹೊಲಿಗೆ ಯಂತ್ರ ಕೆಟ್ಟರೆ ಆಕೆಯೇ ಸರಿಪಡಿಸುತ್ತಿದ್ದರು. ಹುಡುಗನಿಗೆ ಭಿನ್ನರಾಶಿ ಅರ್ಥವಾಗದೆ ಒದ್ದಾಡುತ್ತಿದ್ದಾಗ ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ ಕಲಿಸಿದರು. ದೊಡ್ಡ ಸಮಸ್ಯೆಯನ್ನು ಚಿಕ್ಕ ಹೋಳು ಮಾಡಿಕೊಂಡು ನೋಡುವ ಅಭ್ಯಾಸ ಅಲ್ಲಿಂದ ಬಂತೆಂದು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಹುಡುಗನಿಗೆ 11 ವರ್ಷವಿದ್ದಾಗ ತಾಯಿ ತೀರಿಕೊಂಡರು.

ಮನೆಯಲ್ಲಿ ಹಣವಿರಲಿಲ್ಲ. ಕೆಲ ಕಾಲ ಶಾಲೆಯಲ್ಲಿ ಪಾಠ ಹೇಳಿ, ಮುಂದೆ ವಿದ್ಯಾರ್ಥಿವೇತನ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಹುಲ್ಲು ಕತ್ತರಿಸಿದರು, ಊಟದ ಮನೆಯಲ್ಲಿ ಬಡಿಸಿದರು, ಸಹಪಾಠಿಯೊಬ್ಬನ ಜೊತೆ ಬಟ್ಟೆ ಒಗೆಯುವ ವ್ಯವಹಾರವನ್ನೂ ನಡೆಸಿದರು. 1901ರಲ್ಲಿ ಎಂಜಿನಿಯರಿಂಗ್ ಮುಗಿಸಿ ಬಫಲೋ ಫೋರ್ಜ್ ಎಂಬ ಕಂಪನಿಗೆ ವಾರಕ್ಕೆ 10 ಡಾಲರ್ ಸಂಬಳಕ್ಕೆ ಸೇರಿದರು. ಬ್ಲೋವರ್, ಬಿಸಿಗಾಳಿ ಯಂತ್ರ ಮಾಡುವ ಕಂಪನಿ ಅದು. ಮರದ ದಿಮ್ಮಿ ಒಣಗಿಸುವ, ಕಾಫಿ ಒಣಗಿಸುವ ವ್ಯವಸ್ಥೆಗಳ ವಿನ್ಯಾಸ ಅವರ ಮೊದಲ ಕೆಲಸ. ಆಗಿನ ಎಂಜಿನಿಯರುಗಳು ಅಂದಾಜಿನ ಮೇಲೆ ಯಂತ್ರದ ಗಾತ್ರ ನಿರ್ಧರಿಸಿ, ಕಡಿಮೆ ಬೀಳದಿರಲೆಂದು ಇನ್ನಷ್ಟು ಸೇರಿಸುತ್ತಿದ್ದರು. ಹೊಸ ಹುಡುಗನಿಗೆ ಇದು ಹಿಡಿಸಲಿಲ್ಲ. ಪ್ರಯೋಗ ಮಾಡಿ ಅಂಕಿ ಕಂಡುಕೊಳ್ಳಬೇಕೆಂದು ಹಟ ಹಿಡಿದರು. ಕಂಪನಿ ಒಂದು ಪ್ರಯೋಗ ವಿಭಾಗವನ್ನೇ ಅವರ ಕೈಗೆ ಕೊಟ್ಟಿತು.

ಮರುವರ್ಷ ಬ್ರೂಕ್ಲಿನ್‌ನ ಸ್ಯಾಕೆಟ್ ಅಂಡ್ ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯದಿಂದ ಅಹವಾಲು ಬಂತು. ಬಣ್ಣದ ಮುದ್ರಣದಲ್ಲಿ ಒಂದೇ ಹಾಳೆ ಒಂದಾದ ಮೇಲೊಂದು ಬಣ್ಣಕ್ಕೆ ಯಂತ್ರದೊಳಗೆ ಹೋಗಬೇಕು. ಗಾಳಿಯಲ್ಲಿ ತೇವ ಹೆಚ್ಚಿದರೆ ಕಾಗದ ಹಿಗ್ಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ನಿನ್ನೆಯ ಹಳದಿಯ ಮೇಲೆ ಇಂದಿನ ಕೆಂಪು ಸರಿಯಾಗಿ ಕೂರುವುದಿಲ್ಲ, ಚಿತ್ರ ಕೆಡುತ್ತದೆ, ಕಾಗದವೂ ಶಾಯಿಯೂ ದಂಡ. ಅಲ್ಲಿ ಯಾರೂ ತಂಪು ಬೇಕೆಂದು ಕೇಳಿರಲಿಲ್ಲ. ಬೇಕಿದ್ದುದು ವರ್ಷವಿಡೀ ಒಂದೇ ಮಟ್ಟದ ತೇವ.

25 ವರ್ಷದ ಕ್ಯಾರಿಯರ್ ಹವಾಮಾನ ಇಲಾಖೆಯ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಕುಳಿತರು. ಗಾಳಿಯನ್ನು ಎಷ್ಟು ತಂಪು ಮಾಡಿದರೆ ಅದರೊಳಗಿನ ನೀರು ಎಷ್ಟು ಬೇರ್ಪಡುತ್ತದೆ ಎಂಬ ಲೆಕ್ಕ ಹಾಕಿದರು. ತಣ್ಣೀರು ಹರಿಯುವ ಕಾಯಿಲ್‌ಗಳ ಮೇಲೆ ಗಾಳಿ ಹಾಯಿಸಿದರೆ, ತಂಬಿಗೆಯ ಹೊರಮೈಯಲ್ಲಿ ಹನಿ ಕಟ್ಟುವಂತೆ, ನೀರು ಕಾಯಿಲ್ ಮೇಲೆ ಇಳಿಯುತ್ತದೆ. ಆ ವಿನ್ಯಾಸದ ನಕ್ಷೆಗಳ ಮೇಲಿರುವ ದಿನಾಂಕ 1902ರ ಜುಲೈ 17. ಏರ್ ಕಂಡೀಷನಿಂಗ್‌ನ ಜನ್ಮದಿನವೆಂದು ಲೆಕ್ಕಕ್ಕೆ ಹಿಡಿಯುವುದು ಅದನ್ನೇ. ಗುರಿ ಶೇ 55ರಷ್ಟು ತೇವಾಂಶ. ಆ ವ್ಯವಸ್ಥೆಯ ಶಕ್ತಿ ದಿನಕ್ಕೆ 1,08,000 ಪೌಂಡ್ ಮಂಜುಗಡ್ಡೆ ಕರಗಿಸುವುದಕ್ಕೆ ಸಮ, ಅಂದರೆ 54 ಟನ್. ನಾವು ಇಂದೂ ಎಸಿಯನ್ನು ಟನ್ನಿನಲ್ಲಿ ಕೊಳ್ಳುವುದು ಈ ಮಂಜುಗಡ್ಡೆಯ ಲೆಕ್ಕದಿಂದಲೇ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ.

ಅಷ್ಟಕ್ಕೇ ಅವರಿಗೆ ಸಮಾಧಾನವಾಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಪಿಟ್ಸ್‌ಬರ್ಗ್ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್‌ನಲ್ಲಿ ರೈಲಿಗೆ ಕಾಯುತ್ತಿದ್ದರು. ಸುತ್ತಲೂ ದಟ್ಟ ಮಂಜು. ನೋಡುತ್ತ ನೋಡುತ್ತ ಒಂದು ವಿಚಾರ ಹೊಳೆಯಿತು. ಈ ಗಾಳಿ ತುಂಬಿಕೊಳ್ಳಬಹುದಾದಷ್ಟು ನೀರನ್ನು ತುಂಬಿಕೊಂಡಿದೆ. ಆದರೂ ಚಳಿಯಿರುವುದರಿಂದ ಅದರಲ್ಲಿರುವ ಒಟ್ಟು ನೀರು ಕಡಿಮೆಯೇ. ಹಾಗಾದರೆ ಬೇಕಾದ ತಾಪಮಾನದಲ್ಲಿ ನಾವೇ ಮಂಜು ತಯಾರಿಸಿದರೆ, ಗಾಳಿಯಲ್ಲಿ ಎಷ್ಟು ನೀರಿರಬೇಕೆಂದು ನಾವೇ ನಿರ್ಧರಿಸಬಹುದು. ತಣ್ಣೀರನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿ ಅದರ ನಡುವೆ ಗಾಳಿ ಹಾಯಿಸಿ, ಆಮೇಲೆ ಸ್ವಲ್ಪ ಬಿಸಿ ಮಾಡಿದರೆ ಸಾಕು. ನೀರು ಸಿಂಪಡಿಸಿ ಗಾಳಿ ಒಣಗಿಸುವುದೆಂದರೆ ಕೇಳಿದವರು ನಕ್ಕಾರು. ಆದರೆ ಲೆಕ್ಕ ಸರಿಯಿತ್ತು. ಈ ಯಂತ್ರಕ್ಕೆ 1906ರ ಜನವರಿ 2ರಂದು ಪೇಟೆಂಟ್ ಸಿಕ್ಕಿತು.

ಮೊದಲ ಗಿರಾಕಿಗಳು ಕಾರ್ಖಾನೆಯವರು. ಹತ್ತಿ ಗಿರಣಿಯಲ್ಲಿ ಗಾಳಿ ಒಣಗಿದರೆ ನೂಲು ಹರಿಯುತ್ತದೆ, ಅಲ್ಲಿ ತೇವ ಕೂಡಿಸಬೇಕು. ನಮ್ಮ ದಾವಣಗೆರೆಯ, ಮುಂಬೈಯ ಗಿರಣಿಗಳಲ್ಲಿ ದುಡಿದ ಹಿರಿಯರಿಗೆ ಇದು ಗೊತ್ತಿರುವ ಸಂಗತಿಯೇ. ಉತ್ತರ ಕೆರೊಲಿನಾದ ಬೆಲ್ಮಾಂಟ್ ಊರಿನ ಹತ್ತಿ ಗಿರಣಿಗೆ 1906ರಲ್ಲಿ, ಮರುವರ್ಷ ಜಪಾನಿನ ಯೊಕೊಹಾಮಾದ ರೇಷ್ಮೆ ಗಿರಣಿಗೆ ಕ್ಯಾರಿಯರ್ ಯಂತ್ರ ಹೋಯಿತು. ಏರ್ ಕಂಡೀಷನಿಂಗ್ ಎಂಬ ಹೆಸರನ್ನು ಮಾತ್ರ ಕೊಟ್ಟವರು ಅವರಲ್ಲ, ಸ್ಟುವರ್ಟ್ ಕ್ರೇಮರ್ ಎಂಬ ಗಿರಣಿ ಎಂಜಿನಿಯರ್.

1911ರ ಡಿಸೆಂಬರ್‌ನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಕ್ಯಾರಿಯರ್ ಒಂದು ಪ್ರಬಂಧ ಮಂಡಿಸಿದರು. ಗಾಳಿಯ ಬಿಸಿ, ತೇವ, ಇಬ್ಬನಿ ಬಿಂದು ಇವುಗಳ ಸಂಬಂಧವನ್ನು ಸೂತ್ರಕ್ಕೆ ತಂದ ಪ್ರಬಂಧವದು. ನಾವು ಕಾಲೇಜಿನಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆದ ಸೈಕ್ರೋಮೆಟ್ರಿಕ್ ಚಾರ್ಟ್‌ಗೆ ಬುನಾದಿ ಅದೇ. ಯಂತ್ರಗಳು ಹಳತಾಗಿ ಗುಜರಿಗೆ ಹೋದವು, ಆ ಚಾರ್ಟ್ ಇಂದಿಗೂ ನಮ್ಮ ಮೇಜಿನ ಮೇಲಿದೆ.

ಮನೆಯ ಬದುಕು ಸುಲಭವಾಗಿರಲಿಲ್ಲ. 1902ರಲ್ಲಿ ಕೈಹಿಡಿದ ಹೆಂಡತಿ 1912ರಲ್ಲಿ ತೀರಿಕೊಂಡರು. ಮರುವರ್ಷ ಮದುವೆಯಾದ ಎರಡನೆಯ ಹೆಂಡತಿಯನ್ನೂ 1939ರಲ್ಲಿ ಕಳೆದುಕೊಂಡರು. ಕೆಲಸದ ಕಡೆಯೂ ಪೆಟ್ಟು ಬಿತ್ತು. ಮೊದಲ ಮಹಾಯುದ್ಧ ಶುರುವಾದಾಗ ಬಫಲೋ ಫೋರ್ಜ್ ಖರ್ಚು ಕಡಿಮೆ ಮಾಡಲು ಹೊರಟು, ಈ ಹೊಸ ವಿಭಾಗವನ್ನು ಕೈಬಿಡಲು ನಿಶ್ಚಯಿಸಿತು. ಆಗ ಗೆಳೆಯ ಇರ್ವಿನ್ ಲೈಲ್ ಸೇರಿದಂತೆ ಏಳು ಎಂಜಿನಿಯರುಗಳು ಉಳಿತಾಯ ಒಟ್ಟುಗೂಡಿಸಿ, 32,600 ಡಾಲರ್ ಬಂಡವಾಳದಲ್ಲಿ 1915ರಲ್ಲಿ ಸ್ವಂತ ಕಂಪನಿ ತೆರೆದರು. ಕೆಲಸ ಹೋಗುವ ಭಯದ ನಡುವೆ ಕೂಡಿಟ್ಟ ಹಣವನ್ನೆಲ್ಲ ಸುರಿಯುವುದೆಂದರೇನೆಂದು ಊರು ಬಿಟ್ಟು ದುಡಿಯುವ ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

1922ರಲ್ಲಿ ಕ್ಯಾರಿಯರ್ ಸೆಂಟ್ರಿಫ್ಯೂಗಲ್ ಯಂತ್ರವನ್ನು ಹೊರತಂದರು. ಅದಕ್ಕೆ ಮೊದಲು ತಂಪು ಯಂತ್ರಗಳೆಂದರೆ ದೈತ್ಯ ಗಾತ್ರ, ಒಳಗೆ ವಿಷಕಾರಿ ಅಮೋನಿಯಾ. ಜನ ಸೇರುವ ಜಾಗದಲ್ಲಿ ಇಡಲು ಭಯ. ಹೊಸ ಯಂತ್ರ ಚಿಕ್ಕದು, ಹೆಚ್ಚು ಸುರಕ್ಷಿತ. 1924ರಲ್ಲಿ ಡೆಟ್ರಾಯಿಟ್‌ನ ಹಡ್ಸನ್ ಅಂಗಡಿಗೆ ಅದು ಬಂತು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಬಂದಾಗ ಜನ ಬೀಸಣಿಗೆ ಹಿಡಿದೇ ಒಳಗೆ ಬಂದರು. ಪ್ಯಾರಾಮೌಂಟ್ ಮುಖ್ಯಸ್ಥ ಅಡಾಲ್ಫ್ ಝೂಕರ್ ಬಾಲ್ಕನಿಯಲ್ಲಿ ಕುಳಿತು ನೋಡುತ್ತಿದ್ದರು. ತಂಪು ಹರಡುವುದು ತಡವಾಗಿ ಕ್ಯಾರಿಯರ್ ಚಡಪಡಿಸಿದರು. ನಿಧಾನವಾಗಿ ಒಂದೊಂದೇ ಬೀಸಣಿಗೆ ಮಡಿಲಿಗಿಳಿದಾಗ ಅವರಿಗೆ ಜೀವ ಬಂದಂತಾಯಿತು. ಬೇಸಿಗೆಯಲ್ಲಿ ಬಾಗಿಲು ಹಾಕುತ್ತಿದ್ದ ಚಿತ್ರಮಂದಿರಗಳಿಗೆ ಅಲ್ಲಿಂದ ಬೇಸಿಗೆಯೇ ಸುಗ್ಗಿಯಾಯಿತು.

ಆರ್ಥಿಕ ಕುಸಿತದ ವರ್ಷಗಳಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂದು, ಬೇರೆ ಕಂಪನಿಗಳೊಡನೆ ಸೇರಿ, ಮುಂದೆ 1937ರಲ್ಲಿ ಸಿರಾಕ್ಯೂಸ್ ನಗರದಲ್ಲಿ ನೆಲೆಯೂರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ವಿಮಾನಗಳು ಎತ್ತರದಲ್ಲಿ ಎದುರಿಸುವ ಕೊರೆತವನ್ನು ನೆಲದ ಮೇಲೆಯೇ ಸೃಷ್ಟಿಸುವ ಕ್ಲೀವ್‌ಲ್ಯಾಂಡ್‌ನ ಗಾಳಿ ಸುರಂಗಕ್ಕೆ ಕ್ಯಾರಿಯರ್ ತಂಪು ವ್ಯವಸ್ಥೆ ರೂಪಿಸಿಕೊಟ್ಟರು. 1950ರ ಅಕ್ಟೋಬರ್ 7ರಂದು ತೀರಿಕೊಂಡರು. ಮನೆ ಮನೆಗೆ ಎಸಿ, ತಾರಸಿ ತಾರಸಿಗೆ ರೂಫ್‌ಟಾಪ್ ಯುನಿಟ್ ಬಂದದ್ದು ಆ ನಂತರದ ದಶಕಗಳಲ್ಲಿ.

ಈ ಕಥೆಯನ್ನು ಮಾಲೀಕರಿಗೆ ಹೇಳಿ, ಚಾರ್ಟನ್ನು ಮುಂದಿಟ್ಟೆ. ಕ್ಯಾಟಲಾಗಿನಲ್ಲಿ ಬರೆದ ಟನ್ ಸಾಮಾನ್ಯವಾಗಿ ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವಾಗಿನ ಲೆಕ್ಕ. ಮಹಾಪೆಯ ಜುಲೈನಲ್ಲಿ ಹೊರಗೆ 29 ಡಿಗ್ರಿ, ತೇವಾಂಶ ಶೇ 85 ಎಂದಿಟ್ಟುಕೊಳ್ಳಿ. ಬಿಸಿಲಿಲ್ಲ, ಹಾಗಾಗಿ ತಂಪಿನ ಬೇಡಿಕೆ ಕಡಿಮೆ. ನೀರಿನ ಹೊರೆ ಮಾತ್ರ ವಿಪರೀತ. ದೊಡ್ಡ ಯಂತ್ರ ಕೆಲವೇ ನಿಮಿಷದಲ್ಲಿ 24 ಡಿಗ್ರಿಗೆ ತಂದು ಕಂಪ್ರೆಸರ್ ನಿಲ್ಲಿಸುತ್ತದೆ. ಬ್ಲೋವರ್ ಓಡುತ್ತಲೇ ಇದ್ದರೆ, ಕಾಯಿಲ್ ಮೇಲೆ ಕುಳಿತ ಹನಿಗಳು ಮತ್ತೆ ಗಾಳಿಗೆ ಸೇರಿ ಒಳಗೇ ಬರುತ್ತವೆ. ಚಿಕ್ಕ ಯಂತ್ರ ಹೆಚ್ಚು ಹೊತ್ತು ಓಡುತ್ತದೆ, ನೀರು ಕಾಯಿಲ್‌ನಿಂದ ಡ್ರೈನ್ ಪೈಪಿಗೆ ಇಳಿದು ಹೊರಗೆ ಹೋಗುತ್ತದೆ. ಥರ್ಮೋಸ್ಟಾಟ್‌ಗೆ ಗೊತ್ತಿರುವುದು ತಾಪಮಾನ ಮಾತ್ರ. ಕಾಗದಕ್ಕೆ ಗೊತ್ತಾಗುವುದು ತೇವ.

ಮಾಲೀಕರು ಬಹಳ ಹೊತ್ತು ಸುಮ್ಮನಿದ್ದು, ಮೇ ತಿಂಗಳಲ್ಲಿ ಕಡಿಮೆ ಬಿದ್ದರೆ ಯಾರು ಜವಾಬ್ದಾರಿ ಎಂದು ಕೇಳಿದರು. ನಾನೇ ಎಂದೆ. ಕೊನೆಗೆ 40 ಟನ್ನಿನ ಒಂದರ ಬದಲು ಹನ್ನೆರಡೂವರೆ ಟನ್ನಿನ ಎರಡು ಯುನಿಟ್ ತರಿಸಿದೆವು. ಎರಡಕ್ಕೂ ಹೊರೆಗೆ ತಕ್ಕಂತೆ ವೇಗ ಬದಲಿಸುವ ಕಂಪ್ರೆಸರ್. ಮಳೆಗಾಲದಲ್ಲಿ ಒಂದೇ ಓಡಿದರೂ ಸಾಕಾಗಬಹುದು, ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಮುದ್ರಣದ ಹಾಲ್‌ಗೆ ಹೋಗುವ ಗಾಳಿಯನ್ನು ಚೆನ್ನಾಗಿ ತಂಪು ಮಾಡಿ, ಕಂಡೆನ್ಸರ್ ಹೊರಹಾಕುವ ಶಾಖದಲ್ಲೇ ಮತ್ತೆ ಸ್ವಲ್ಪ ಬಿಸಿ ಮಾಡುವ ಏರ್ಪಾಡು. ಇದು ಪಿಟ್ಸ್‌ಬರ್ಗ್ ಪ್ಲಾಟ್‌ಫಾರ್ಮ್‌ನ ಅದೇ ವಿಚಾರ.

ಇಂಥ ಯಂತ್ರ ಕೊಳ್ಳುವವರು ಇನ್ನೂ ಕೆಲವನ್ನು ನೋಡಬೇಕು. ಒಟ್ಟು ಟನ್ನಿನಲ್ಲಿ ತೇವ ತೆಗೆಯುವ ಪಾಲು ಎಷ್ಟೆಂದು ಮಾರುವವರಿಂದ ಬರೆಸಿಕೊಳ್ಳಬೇಕು. ಬೇಸಿಗೆಗೂ ಮಳೆಗಾಲಕ್ಕೂ ಬೇರೆ ಬೇರೆ ಲೆಕ್ಕ ಮಾಡಿಸಬೇಕು. ಕ್ರೀಕಿನ ಉಪ್ಪುಗಾಳಿಗೂ ರಾಸಾಯನಿಕ ಕಾರ್ಖಾನೆಗಳ ಹೊಗೆಗೂ ತಡೆಯುವ ಲೇಪನ ಕಾಯಿಲ್‌ಗಳಿಗೆ ಇರಬೇಕು. ತಾರಸಿ ಆ ಭಾರ ತಡೆಯುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಡಕ್ಟ್ ಇಳಿಯುವ ತೂತಿನ ಸುತ್ತ ನೀರು ಸೋರದಂತೆ ಕಟ್ಟೆ ಕಟ್ಟಿಸಬೇಕು. ಫಿಲ್ಟರ್ ತೆಗೆಯಲು ಮನುಷ್ಯ ನಿಲ್ಲುವಷ್ಟು ಜಾಗ ಬಿಡಬೇಕು. ಹೊರಗಿನ ತಂಪು ಗಾಳಿಯನ್ನೇ ಒಳಗೆ ಬಿಡುವ ಸೌಕರ್ಯ ಬೆಂಗಳೂರಿನಲ್ಲಿ ವರ್ಷದ ಹಲವು ತಿಂಗಳು ಹಣ ಉಳಿಸುತ್ತದೆ. ಅದನ್ನೇ ಇಲ್ಲಿ ಕಣ್ಣುಮುಚ್ಚಿ ಕೊಂಡರೆ ಲಾಭ ಅಷ್ಟಕ್ಕಷ್ಟೆ. ಊರಿನ ಹವೆಗೆ ತಕ್ಕ ಯಂತ್ರ, ಅಷ್ಟೇ.

ಮೇ ತಿಂಗಳಲ್ಲಿ ಎರಡೂ ಯುನಿಟ್ ಬಿಡುವಿಲ್ಲದೆ ಓಡಿದವು. ಮಧ್ಯಾಹ್ನ ಒಂದೆರಡು ದಿನ ಒಂದು ಡಿಗ್ರಿ ಏರಿತು, ಯಾರೂ ದೂರಲಿಲ್ಲ. ನಿಜವಾದ ಪರೀಕ್ಷೆ ಜುಲೈನಲ್ಲಿ. ಮೂರು ದಿನ ಬಿಡದೆ ಮಳೆ ಸುರಿದ ಮೇಲೆ ಎದೆ ಡವಗುಟ್ಟುತ್ತಲೇ ಹಾಲ್‌ಗೆ ಹೋದೆ. ಗೋಡೆಯ ಮೀಟರ್ ಶೇ 55ರ ಆಸುಪಾಸಿನಲ್ಲಿತ್ತು. ಯಂತ್ರದ ಹುಡುಗ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ಹಳದಿಯ ಮೇಲೆ ಕೆಂಪು, ಕೆಂಪಿನ ಮೇಲೆ ನೀಲಿ, ಕೂದಲೆಳೆಯಷ್ಟೂ ಜರುಗಿರಲಿಲ್ಲ.